ಎರಡನೆಯ ಗುಂಡು

ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಎರಡು. ಕಾಡು, ಗದ್ದೆಗಳ ಆಚೆಗಿನ ನೆರೆಯವರಿಗೆ ಅಷ್ಟೇ ಸುದ್ದಿ. ಈ ಲೆಕ್ಕಕ್ಕೆ ಜೋಡುನಳಿಗೆ ಕೋವಿ ಹೇಳಿ ಮಾಡಿಸಿದಂತಿತ್ತು. ಆದರೆ ಎರಡನೆಯ ತೋಟಾ ಠುಸ್ಸೆಂದರೆ ಸಾವಿನ ಮನೆಯಿಂದ ಹೆರಿಗೆಯ ಸುದ್ದಿ ಹೋದೀತು!

ಬ್ರಿಟಿಷರು ಕೊಡಗಿನವರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಕೊಟ್ಟದ್ದು 1861ರಲ್ಲಿ. ಕಾಕತಾಳೀಯವೋ ಏನೋ, ಬುಡದ ನಡುವೆ ಕೇಪು ಕೂರಿಸಿದ ತೋಟಾವನ್ನು ಕೋವಿ ತಯಾರಕ ಜಾರ್ಜ್ ಡಾ ಇಂಗ್ಲೆಂಡಿನಲ್ಲಿ ಮಾರಲು ತೊಡಗಿದ್ದೂ ಅದೇ ವರ್ಷ. ಅದುವರೆಗೆ ಹೆಚ್ಚಿನ ಕೋವಿಗಳಲ್ಲಿ ಮದ್ದು, ಚರೆಗಳನ್ನು ನಳಿಗೆಯ ಬಾಯಿಂದ ಗಜ ಹಾಕಿ ತುರುಕಬೇಕಿತ್ತು. ಈಗ ಎಲ್ಲವೂ ಒಂದು ರಟ್ಟಿನ ಕೊಳವೆಯೊಳಗೆ ಸೇರಿತು. ಕೋವಿಯ ಕಾಯಿಲೆಗಳಲ್ಲಿ ಅರ್ಧವೂ ಅಲ್ಲಿಗೇ ವಾಸ ಬದಲಿಸಿತು.

ರಟ್ಟಿಗೂ ಕೊಡಗಿನ ಮಳೆಗಾಲಕ್ಕೂ ಆಗಿಬರುವುದಿಲ್ಲ. ತೇವ ಹೀರಿ ಉಬ್ಬಿದ ತೋಟಾ ಚೇಂಬರಿಗೆ ಇಳಿಯದು. ಒತ್ತಿ ಇಳಿಸಿದರೆ ಹಾರಿದ ಮೇಲೆ ಈಚೆ ಬಾರದು. ರೆಮಿಂಗ್ಟನ್ ಕಂಪನಿ 1960ರಲ್ಲಿ ಪ್ಲಾಸ್ಟಿಕ್ ತೋಟಾ ತಂದ ಮೇಲೆ ಈ ಕಾಟ ಕ್ರಮೇಣ ತಗ್ಗಿತು.

ಇನ್ನೊಂದು ಕಾಟ ಕಣ್ಣಿಗೆ ಬೀಳುವುದೇ ಇಲ್ಲ. ಹಳೆಯ ಇಂಗ್ಲಿಷ್ ಹನ್ನೆರಡು ಬೋರಿನ ಕೋವಿಗಳಲ್ಲಿ ಹೆಚ್ಚಿನವುಗಳ ಚೇಂಬರ್ ಎರಡೂವರೆ ಇಂಚು. ಈಗಿನ ಸಾಮಾನ್ಯ ತೋಟಾ ಎರಡೂಮುಕ್ಕಾಲು. ಹಾಗಿದ್ದೂ ಅದು ಸಲೀಸಾಗಿ ಒಳಗೆ ಕೂರುತ್ತದೆ. ಏಕೆಂದರೆ ಆ ಅಳತೆ, ಹಾರಿದ ಮೇಲೆ ಮಡಿಕೆ ಬಿಚ್ಚಿಕೊಂಡ ತೋಟಾದ್ದು. ಮದ್ದು ಹೊತ್ತಿದಾಗ ಮಡಿಕೆಗೆ ಜಾಗ ಸಾಲದೆ ಅದು ನಳಿಗೆ ಕಿರಿದಾಗುವ ಕಡೆಗೆ ಚಾಚಿಕೊಳ್ಳುತ್ತದೆ, ಒತ್ತಡ ಏರುತ್ತದೆ. ಕರಿಮದ್ದಿನ ಕಾಲಕ್ಕೆಂದು ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಗೆ ಹೊಗೆರಹಿತ ಮದ್ದಿನ ತೋಟಾ ಇನ್ನೂ ಅಪಾಯ. ತಾತನ ಕೋವಿ ಎಂಬ ಹೆಮ್ಮೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಟ್ರಿಗರ್ ಎಳೆದರೂ ಈಡು ಹಾರದಿದ್ದರೆ ತಪ್ಪು ಕೋವಿಯದೋ ತೋಟಾದ್ದೋ? ಕೇಪೇ ಸಾಕ್ಷಿ ಹೇಳುತ್ತದೆ. ಅದರ ಮೇಲೆ ಪಿನ್ನು ಹೊಡೆದ ತಗ್ಗು ಆಳವಾಗಿದ್ದರೆ ಹೆಚ್ಚಾಗಿ ತೋಟಾವೇ ಸತ್ತಿದೆ. ಕಂಡೂ ಕಾಣದಂತಿದ್ದರೆ ಸ್ಪ್ರಿಂಗ್ ಸೋತಿದೆ ಅಥವಾ ಪಿನ್ನು ಸವೆದಿದೆ. ಆದರೆ ತಕ್ಷಣ ಕೋವಿ ಮಡಚಬಾರದು. ಕೇಪು ತಡವಾಗಿ ಹೊತ್ತುವುದುಂಟು. ಬಾಯನ್ನು ಜನರಿಲ್ಲದ ಕಡೆಗೇ ಹಿಡಿದು ಕಾಯಬೇಕು. ಸದ್ದು ಮೆತ್ತಗಾದರಂತೂ ಮುಂದಿನ ಗುಂಡಿಗೆ ಮೊದಲು ತೋಟಾ ತೆಗೆದು ನಳಿಗೆ ನೋಡಲೇಬೇಕು. ಒಳಗೆ ಸಿಕ್ಕಿಬಿದ್ದ ತೋಟಾದ ರಟ್ಟಿನ ಬಿಲ್ಲೆಯ ಹಿಂದೆ ಇನ್ನೊಂದು ಈಡು ಹಾರಿದರೆ ನಳಿಗೆ ಸಿಡಿಯಬಹುದು.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಕೋವಿ ಹಬ್ಬದ ಕೋವಿಯಾಯಿತು. ವರ್ಷಕ್ಕೆ ನಾಲ್ಕು ಗುಂಡು ಹಾರಿಸುವ ಮನೆಯಲ್ಲಿ ತೋಟಾ ಪೆಟ್ಟಿಗೆ ಖಾಲಿಯಾಗುವ ಮೊದಲೇ ಮುಪ್ಪಾಗುತ್ತದೆ.

ಕೇಂದ್ರ ಸರ್ಕಾರ 2019ರಲ್ಲಿ ಕೊಡಗಿನ ಪರವಾನಗಿ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಿತು. ಸೆಪ್ಟೆಂಬರಿನ ಆಯುಧಹಬ್ಬ ಕೈಲ್‌ಪೊಳ್ದ್‌ನಲ್ಲಿ ಕೋವಿ ಕೆಳಗಿಳಿಯುತ್ತದೆ, ನಳಿಗೆಗೆ ತೋಕ್ ಪೂ ಎಂಬ ಕೋವಿ ಹೂ ಏರುತ್ತದೆ, ತೆಂಗಿನಕಾಯಿಗೆ ಗುರಿ ಕಟ್ಟುತ್ತಾರೆ. ಅಂದು ಒರೆಸುವಾಗ ನಳಿಗೆ ಬಿಚ್ಚಿ ಮಗುಚಿದರೆ, ಬುಡದ ಸಮತಟ್ಟಿನಲ್ಲಿ ಇಂಗ್ಲೆಂಡಿನ ಪರೀಕ್ಷಾಲಯದ ಪುಟ್ಟ ಮುದ್ರೆಗಳು ಕಾಣುತ್ತವೆ. ಆ ನಳಿಗೆಯನ್ನು ಯಾವ ಮದ್ದಿಗೆ ಪರೀಕ್ಷಿಸಿದ್ದರೆಂಬುದು ಅಲ್ಲೇ ಕೊರೆದಿದೆ.