ಕಡ ತಂದ ಹೆಸರು

ನಮ್ಮಜ್ಜನ ಹೊಲ ಶಿರಹಟ್ಟಿಯ ಸೀಮೆಯಲ್ಲಿತ್ತು. ಶಿರಹಟ್ಟಿ ಆಗ ಸಾಂಗಲಿ ಸಂಸ್ಥಾನದ್ದು. ಅಲ್ಲಿಂದ ಗಾಡಿ ಕಟ್ಟಿದರೆ ಒಂದು ಹೊತ್ತಿನ ದಾರಿಯ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಈಚೆಯ ಗದಗು ಇಂಗ್ರಜಿ ಸರಕಾರದ್ದು. ಸಂತೆ ಮುಗಿಸಿ ಮನೆಗೆ ಬರುವಷ್ಟರಲ್ಲಿ ಮೂರು ಸರಕಾರಗಳ ಧೂಳು ಕುಡಿದು ಬರುತ್ತಿದ್ದೆ ಎಂದು ಅಜ್ಜ ಹೇಳುತ್ತಿದ್ದ. ಚಳವಳಿಯ ಕಾಲದಲ್ಲಿ ಪೊಲೀಸರು ಬೆನ್ನು ಹತ್ತಿದರೆ ಸಂಸ್ಥಾನದ ಹದ್ದಿನೊಳಗೆ ಜಿಗಿದು ಬಿಟ್ಟರಾಯಿತು, ಅವರು ಬದುವಿನ ಮೇಲೆ ನಿಂತು ಮೀಸೆ ತಿರುವುತ್ತಿದ್ದರಂತೆ. ಹುಡುಗರಾದ ನಮಗೆ ಅದೊಂದು ಮೋಜಿನ ಕತೆ. 1948ರಲ್ಲಿ ಸಂಸ್ಥಾನಗಳೆಲ್ಲ ಮುಂಬಯಿ ಪ್ರಾಂತದಲ್ಲಿ ಕರಗಿಹೋದವು, ಗೆರೆಗಳು ಅಳಿಸಿದವು, ಕತೆ ಮಾತ್ರ ಉಳಿಯಿತು.

ಆ ಗೆರೆಗಳು ಅಳಿಸದೆ, ಬದಲಿಗೆ ಎರಡು ರಾಷ್ಟ್ರಗಳ ನಡುವಿನ ಗಡಿಯಾಗಿ ಗಟ್ಟಿಗೊಂಡಿದ್ದರೆ ಗತಿಯೇನಾಗುತ್ತಿತ್ತು? ಇಂಥದೊಂದು ಪ್ರಶ್ನೆ ಇತಿಹಾಸ ಕಲಿಸುವ ನನಗೂ ಹೊಳೆದಿರಲಿಲ್ಲ. ಹೊಳೆದದ್ದು 2017ರ ಡಿಸೆಂಬರಿನಲ್ಲಿ, ಹದಿನಾಲ್ಕು ಮಂದಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಬಂಗಾಳದ ಕೂಚ್ ಬಿಹಾರಕ್ಕೆ ಸೇವಾ ಶಿಬಿರಕ್ಕೆಂದು ಹೋದಾಗ.

ಸೇವಾ ಶಿಬಿರದ ಬಗ್ಗೆ ಎರಡು ಮಾತು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಓದಿದ ಹುಡುಗರು ಹಳ್ಳಿಗೆ ಹೋಗಿ ದುಡಿಯಬೇಕು, ದುಡಿಯುತ್ತ ಕಲಿಯಬೇಕು ಎಂಬುದು ಅದರ ಆಶಯ. ದುಡಿಯುವುದು ಹೇಗೋ ನಡೆಯುತ್ತದೆ, ಕಲಿಯುವುದು ಮಾತ್ರ ವರದಿಯ ಕೊನೆಯ ಪುಟದಲ್ಲಿ ನಡೆಯುತ್ತದೆ. ಇಪ್ಪತ್ತು ವರ್ಷ ಅಂಥ ವರದಿಗಳನ್ನು ಬರೆದ ನನಗೆ ಇದನ್ನು ಹೇಳುವ ಅಧಿಕಾರವಿದೆಯೆಂದು ಭಾವಿಸಿದ್ದೇನೆ.

ಕೂಚ್ ಬಿಹಾರ ಪಟ್ಟಣದಿಂದ ದಕ್ಷಿಣಕ್ಕೆ ದಿನಹಾಟ. ಅಲ್ಲಿಂದ ಮುಂದೆ ಅಡಕೆ, ಬಿದಿರು, ಸೆಣಬು, ಬತ್ತದ ಗದ್ದೆಗಳ ನಡುವೆ ಮಶಾಲಡಾಂಗ, ಪೊವಾತುರಕುಠಿ ಮೊದಲಾದ ಹಳ್ಳಿಗಳು. ಮಣ್ಣಿನ ರಸ್ತೆ, ಮನೆಗೊಂದು ಕೊಳ, ಕೊಳದಲ್ಲಿ ಬಾತುಕೋಳಿ. ಇದರಲ್ಲಿ ನೋಡುವುದೇನಿದೆ ಎಂದು ನಮ್ಮ ಹುಡುಗರು ಮುಖ ಮುಖ ನೋಡಿಕೊಂಡರು. ನೋಡುವುದು ಏನೂ ಇರಲಿಲ್ಲ; ನಾವು ನಿಂತಿದ್ದ ನೆಲ ಎರಡೂವರೆ ವರ್ಷದ ಹಿಂದೆ ಬಾಂಗ್ಲಾದೇಶದ್ದಾಗಿತ್ತು, ಅಷ್ಟೆ. ಸುತ್ತಲೂ ಭಾರತ, ನಡುವೆ ಒಂದು ಹಳ್ಳಿಯಷ್ಟು ಬಾಂಗ್ಲಾದೇಶ. ಇಂಥ ತುಂಡುಗಳು ಭಾರತದೊಳಗೆ 51 ಇದ್ದವು. ಗಡಿಯಾಚೆ, ಬಾಂಗ್ಲಾದೇಶದೊಳಗೆ, ಭಾರತದ 111 ತುಂಡುಗಳಿದ್ದವು. ಬಂಗಾಳಿಯಲ್ಲಿ ಇವಕ್ಕೆ ಛಿಟ್‌ಮಹಲ್ ಎಂದು ಹೆಸರು. ಮಹಲ್ ಎಂದರೆ ಕಂದಾಯದ ಜಮೀನು. ಛಿಟ್ ಎಂದರೆ ಸಿಡಿದ ಹನಿ, ಚೂರು. ನಮ್ಮ ಅಜ್ಜಿಯರು ಉಡುತ್ತಿದ್ದ ಚೀಟಿನ ಕುಪ್ಪಸ ನೆನಪಿದ್ದವರಿಗೆ ಈ ಮಾತು ಬೇಗ ಅರ್ಥವಾದೀತು. ಬಟ್ಟೆಯ ಮೇಲೆ ಬಣ್ಣದ ಹನಿ ಚೆಲ್ಲಿದಂತೆ ಒಂದು ದೇಶದ ಮೇಲೆ ಇನ್ನೊಂದು ದೇಶ.

ಇದು ಹೇಗಾಯಿತೆಂದು ಕೇಳಿದರೆ ಆ ಕಡೆಯ ಜನ ಒಂದು ಸೊಗಸಾದ ಕತೆ ಹೇಳುತ್ತಾರೆ. ಕೂಚ್ ಬಿಹಾರದ ಮಹಾರಾಜನೂ ರಂಗಪುರದ ನವಾಬನೂ ಚದುರಂಗ ಆಡುತ್ತಿದ್ದರಂತೆ, ಹಳ್ಳಿಗಳನ್ನೇ ಪಣ ಒಡ್ಡುತ್ತಿದ್ದರಂತೆ, ಗೆದ್ದವನಿಗೆ ಗೆದ್ದ ಹಳ್ಳಿ. ಕತೆ ಚೆನ್ನಾಗಿದೆ, ಆದರೆ ನಿಜ ಅಷ್ಟು ರಸವತ್ತಾದದ್ದಲ್ಲ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮೊಗಲರು ಕೂಚ್ ಬಿಹಾರದ ಮೇಲೆ ಬಿದ್ದರು. 1713ರ ಸುಮಾರಿಗೆ ಒಪ್ಪಂದವಾಗಿ ಬೋದಾ, ಪಾಟಗ್ರಾಮ ಮೊದಲಾದ ಸೀಮೆಗಳು ಮೊಗಲರ ಕಡೆಗೆ ಹೋದವು. ಆದರೆ ಆ ಸೀಮೆಗಳೊಳಗೆ ರಾಜನಿಗೆ ನಿಷ್ಠರಾದ ಕೆಲವು ಜಮೀನುದಾರರು ಕದಲಲಿಲ್ಲ. ರಾಜನ ಸೀಮೆಯೊಳಗೆ ನೆಲೆನಿಂತ ಮೊಗಲ್ ಸಿಪಾಯಿಗಳೂ ಕದಲಲಿಲ್ಲ. ಕದಲಿಸುವ ಶಕ್ತಿ ಇಬ್ಬರಿಗೂ ಇರಲಿಲ್ಲ. ಯಾರು ಎಲ್ಲಿದ್ದರೋ ಅಲ್ಲಿಂದಲೇ ತಮ್ಮ ತಮ್ಮ ಒಡೆಯನಿಗೆ ಕಂದಾಯ ಕಟ್ಟಿಕೊಂಡಿದ್ದರು. 1765ರಲ್ಲಿ ಬಂಗಾಳದ ದಿವಾನಿ ಕಂಪನಿ ಸರಕಾರದ ಕೈಗೆ ಬಂತು, 1773ರಲ್ಲಿ ಕೂಚ್ ಬಿಹಾರವೂ ಅದರ ಆಶ್ರಯಕ್ಕೆ ಬಂತು. ಗೆರೆ ಹಾಗೆಯೇ ಉಳಿಯಿತು. ಯಾರಿಗೂ ತೊಂದರೆಯಿರಲಿಲ್ಲ. ನಮ್ಮ ಅಜ್ಜನಿಗೆ ಇದ್ದಷ್ಟೇ ತೊಂದರೆ.

ತೊಂದರೆ ಬಂದದ್ದು 1947ರಲ್ಲಿ. ರ‍್ಯಾಡ್‌ಕ್ಲಿಫ್ ಮಹಾಶಯ ಜುಲೈ 8ರಂದು ಭಾರತಕ್ಕೆ ಬಂದಿಳಿದ. ಆತನ ತೀರ್ಪು ಆಗಸ್ಟ್ 17ರಂದು ಪ್ರಕಟವಾಯಿತು. ಅಷ್ಟರಲ್ಲಿ ಎರಡು ಪ್ರಾಂತಗಳನ್ನು ಸೀಳಬೇಕಾದವನು ದೇಶೀ ಸಂಸ್ಥಾನದ ಚೂರುಗಳನ್ನು ಎಣಿಸುತ್ತಾನೆಯೆ? ಎಣಿಸುವುದು ಆತನ ಕೆಲಸವೂ ಆಗಿರಲಿಲ್ಲ. ರಂಗಪುರ ಪೂರ್ವ ಪಾಕಿಸ್ತಾನಕ್ಕೆ ಹೋಯಿತು. ಕೂಚ್ ಬಿಹಾರ 1949ರಲ್ಲಿ ಭಾರತದೊಡನೆ ಸೇರಿ, 1950ರ ಜನವರಿ 1ರಂದು ಪಶ್ಚಿಮ ಬಂಗಾಳದ ಒಂದು ಜಿಲ್ಲೆಯಾಯಿತು. ರಾಜ ನವಾಬರ ಕಾಲದ ಚೂರುಗಳು ಮಲಗಿದ್ದಲ್ಲಿಯೇ ಎರಡು ರಾಷ್ಟ್ರಗಳ ಚೂರುಗಳಾಗಿ ಎದ್ದವು. ಇದರಲ್ಲಿ ತೀರ ವಿಚಿತ್ರವಾದದ್ದು ದಹಲಾ ಖಾಗ್ರಾಬಾರಿ. ಎರಡು ಎಕರೆಯೂ ಇಲ್ಲದ ಸೆಣಬಿನ ಹೊಲ. ಅದು ಭಾರತದ್ದು, ಅದರ ಸುತ್ತ ಬಾಂಗ್ಲಾದೇಶದ ಒಂದು ಹಳ್ಳಿ, ಆ ಹಳ್ಳಿಯ ಸುತ್ತ ಭಾರತದ ಒಂದು ತುಂಡು, ಅದರ ಸುತ್ತ ಬಾಂಗ್ಲಾದೇಶ. ನಾನು ಕಪ್ಪು ಹಲಗೆಯ ಮೇಲೆ ಇದನ್ನು ಬರೆದು ತೋರಿಸಿದಾಗ ಒಬ್ಬ ಹುಡುಗ, "ಸರ್, ಇದು ಈರುಳ್ಳಿ" ಎಂದ. ಅದಕ್ಕಿಂತ ಒಳ್ಳೆಯ ವಿವರಣೆ ನನಗೂ ತಿಳಿಯದು.

1952ರ ಅಕ್ಟೋಬರಿನಲ್ಲಿ ಪಾಸ್‌ಪೋರ್ಟು, ವೀಸಾ ಬಂದವು. ಛಿಟ್ಟಿನವನೊಬ್ಬ ತನ್ನ ಊರಿನ ಬದು ದಾಟಬೇಕಾದರೆ ವೀಸಾ ಬೇಕು. ವೀಸಾ ಪಡೆಯಬೇಕಾದರೆ ಪಟ್ಟಣಕ್ಕೆ ಹೋಗಬೇಕು. ಪಟ್ಟಣಕ್ಕೆ ಹೋಗಬೇಕಾದರೆ ಬದು ದಾಟಬೇಕು. ದಾಟಿ ಸಿಕ್ಕಿಬಿದ್ದರೆ ವಿದೇಶೀಯ, ಸೆರೆಮನೆ. ದಾಟದಿದ್ದರೆ ಉಪ್ಪು ಸೀಮೆಯೆಣ್ಣೆಯೂ ಇಲ್ಲ. ಸ್ವಂತ ದೇಶದ ಪೊಲೀಸರು ಅಲ್ಲಿಗೆ ಬರುವಂತಿಲ್ಲ, ಪರದೇಶದ ಪೊಲೀಸರು ಬರಬೇಕಾಗಿಲ್ಲ. ಶಾಲೆಯಿಲ್ಲ, ಆಸ್ಪತ್ರೆಯಿಲ್ಲ, ಕೋರ್ಟಿಲ್ಲ, ಮತವಿಲ್ಲ. ವಿದ್ಯುತ್ ಕಂಬಗಳು ಊರ ಅಂಚಿನವರೆಗೆ ಬಂದು ಮರ್ಯಾದೆಯಿಂದ ನಿಂತುಬಿಡುತ್ತಿದ್ದವೆಂದು ಅಲ್ಲಿಯ ಮುದುಕರೊಬ್ಬರು ನಗುತ್ತ ಹೇಳಿದರು.

ದಿಲ್ಲಿ, ಕರಾಚಿ, ಢಾಕಾಗಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ. 1958ರಲ್ಲಿ ನೆಹರೂ ಅವರೂ ಫಿರೋಜ್ ಖಾನ್ ನೂನ್ ಅವರೂ ಛಿಟ್ಟುಗಳನ್ನು ಅದಲುಬದಲು ಮಾಡಲು ಒಪ್ಪಿದರು. ಅದೇ ಒಪ್ಪಂದದಲ್ಲಿ ಬೇರುಬಾರಿ ಎಂಬ ಹಳ್ಳಿಗುಂಪನ್ನು ಅರ್ಧ ಕೊಡುವ ಮಾತಿತ್ತು. ಅದು ಸುಪ್ರೀಂ ಕೋರ್ಟಿಗೆ ಹೋಯಿತು, ನೆಲ ಬಿಟ್ಟುಕೊಡಬೇಕಾದರೆ ಸಂವಿಧಾನವನ್ನೇ ತಿದ್ದಬೇಕೆಂದು 1960ರಲ್ಲಿ ಅಭಿಪ್ರಾಯ ಬಂತು, ಆ ವರ್ಷವೇ ತಿದ್ದಿದರು, ಆದರೂ ಆಗಲಿಲ್ಲ. 1974ರಲ್ಲಿ ಇಂದಿರಾ ಗಾಂಧಿ, ಮುಜೀಬುರ್ ರಹಮಾನರು ಮತ್ತೆ ಒಪ್ಪಿದರು. ಬಾಂಗ್ಲಾದೇಶ ಆಗಲೇ ಅನುಮೋದಿಸಿತು. ನಮ್ಮ ಸಂಸತ್ತು ಅನುಮೋದಿಸಿದ್ದು 2015ರ ಮೇ ತಿಂಗಳಲ್ಲಿ, ನೂರನೆಯ ತಿದ್ದುಪಡಿಯಾಗಿ. ನಡುವಿನ ನಾಲ್ವತ್ತೊಂದು ವರ್ಷಗಳ ಕತೆಯನ್ನು ನಾನು ಬರೆಯಲಾರೆ; ಅದರಲ್ಲಿ ಕಡತಗಳಿವೆ, ಮನುಷ್ಯರಿಲ್ಲ. 2015ರ ಜುಲೈ 31ರ ನಡುರಾತ್ರಿ 17,160 ಎಕರೆ ಆ ಕಡೆಗೂ 7,110 ಎಕರೆ ಈ ಕಡೆಗೂ ಸೇರಿದವು. ಮಶಾಲಡಾಂಗದಲ್ಲಿ ಅಂದು 68 ವರ್ಷಗಳಿಗೆಂದು 68 ಮೇಣದ ಬತ್ತಿ ಹಚ್ಚಿದರು.

ನಾವು ಅಲ್ಲಿಗೆ ಹೋಗುವಾಗ ಗುದ್ದಲಿ, ಬೀದಿನಾಟಕದ ಸಾಮಾನು, ಸ್ವಚ್ಛತೆಯ ಭಿತ್ತಿಪತ್ರ ಎಲ್ಲ ಒಯ್ದಿದ್ದೆವು. ಎರಡು ದಿನ ರಸ್ತೆಗೆ ಮಣ್ಣು ಹಾಕಿದೆವು. ಊರಿನವರು ಅತಿಥಿಗಳಿಗೆ ಬೇಸರವಾಗಬಾರದೆಂದು ಸುಮ್ಮನೆ ನೋಡಿದರು. ಸರಕಾರವೇ ಇಲ್ಲದೆ ಅರವತ್ತೆಂಟು ವರ್ಷ ಬಿದಿರಿನ ಸೇತುವೆ ಕಟ್ಟಿಕೊಂಡವರಿಗೆ ಮಣ್ಣು ಹಾಕುವುದನ್ನು ನಾವು ಕಲಿಸುವುದೆ? ಮೂರನೆಯ ದಿನ ಆ ಮುದುಕರು ನನ್ನ ಬಳಿ ಬಂದು, ದಿನಹಾಟದ ಕಾಲೇಜು ಹುಡುಗನೊಬ್ಬನನ್ನು ದುಭಾಷಿ ಮಾಡಿಕೊಂಡು, "ಮಾಸ್ಟರ್ ಮೊಶಾಯ್, ನಿಮ್ಮ ಮಕ್ಕಳಿಗೆ ಇಂಗ್ಲಿಷ್ ಅರ್ಜಿ ಬರೆಯಲು ಬರುತ್ತದೆಯೆ?" ಎಂದು ಕೇಳಿದರು.

ಅರ್ಜಿ ಯಾವುದಕ್ಕೆಂದರೆ, ತಂದೆಯ ಹೆಸರಿನ ತಿದ್ದುಪಡಿಗೆ.

ಛಿಟ್ಟಿನ ಮಗುವನ್ನು ಭಾರತದ ಶಾಲೆ ಸೇರಿಸಿಕೊಳ್ಳುವಂತಿರಲಿಲ್ಲ. ಹಾಗಾಗಿ ತಂದೆಯರು ಪಕ್ಕದ ಭಾರತೀಯ ಹಳ್ಳಿಗೆ ಹೋಗಿ ಪರಿಚಯದವರೊಬ್ಬರ ಕಾಲು ಹಿಡಿಯುತ್ತಿದ್ದರು. ಅವರು ಒಪ್ಪಿದರೆ ದಾಖಲೆಯಲ್ಲಿ ಅವರೇ ತಂದೆ. ಬಸುರಿ ಹೆಂಗಸು ಆಸ್ಪತ್ರೆಗೆ ಹೋದರೂ ಹಾಗೆಯೇ, ಗಂಡನೆಂದು ಬೇರೆಯವನ ಹೆಸರು. ಕೆಲವರು ಇದಕ್ಕೆ ಹಣ ಪಡೆದರೆಂದು ಕೇಳಿದೆ. ಹೆಚ್ಚಿನವರು ಪಡೆಯಲಿಲ್ಲವೆಂದೂ ಕೇಳಿದೆ. ಹೆಸರು ಕೊಟ್ಟವರಿಗೂ ಭಯವಿತ್ತು: ನಾಳೆ ಈ ಕಾಗದದ ಮಗ ಬಂದು ಜಮೀನಿನಲ್ಲಿ ಪಾಲು ಕೇಳಿದರೆ? ಸ್ವಂತ ಮಕ್ಕಳೊಡನೆ ಜಗಳವಾದರೆ? ಆದರೂ ಕೊಟ್ಟರು. ಹೆಸರನ್ನು ಹೀಗೆ ಕಡ ಕೊಟ್ಟದ್ದನ್ನು ನಾನು ಬೇರೆಲ್ಲಿಯೂ ಕೇಳಿಲ್ಲ.

ಈಗ ಆ ಮಕ್ಕಳು ಭಾರತೀಯರಾಗಿದ್ದರು. 2016ರ ಮೇ ತಿಂಗಳ ಚುನಾವಣೆಯಲ್ಲಿ ಮತವನ್ನೂ ಹಾಕಿದ್ದರು. ಮತಪತ್ರದ ಗುರುತಿನ ಚೀಟಿಯಲ್ಲಿ ನಿಜವಾದ ತಂದೆ, ಶಾಲೆಯ ಸರ್ಟಿಫಿಕೇಟಿನಲ್ಲಿ ಕಡದ ತಂದೆ. ಎರಡು ಕಾಗದಗಳನ್ನೂ ಒಟ್ಟಿಗೆ ಒಯ್ದರೆ ನೌಕರಿ ಕೊಡುವವನು ಕಣ್ಣು ಕಿರಿದು ಮಾಡುತ್ತಿದ್ದ.

ನಮ್ಮ ಹುಡುಗಿಯರು ಹುಡುಗರು ಶಾಲೆಯ ಜಗಲಿಯ ಮೇಲೆ ಚಾಪೆ ಹಾಸಿ ಕುಳಿತರು. ಐದು ದಿನ ಅದೇ ಕೆಲಸ. ಬೆಳಗಿನ ಮಂಜು ಕರಗುವ ಮೊದಲೇ ಜನ ಪ್ಲಾಸ್ಟಿಕ್ ಚೀಲಗಳಲ್ಲಿ ಕಾಗದ ಸುತ್ತಿಕೊಂಡು ಬಂದು ಕೂಡುತ್ತಿದ್ದರು. ದಿನಹಾಟದ ಹುಡುಗರು ಬಂಗಾಳಿಯಲ್ಲಿ ಕೇಳುವುದು, ನಮ್ಮವರು ಇಂಗ್ಲಿಷಿನಲ್ಲಿ ಬರೆಯುವುದು. ನಡುವೆ ಒಂದು ಸಂಜೆ ದಿನಹಾಟದ ತಗಡಿನ ಶೆಡ್ಡುಗಳಿಗೂ ಹೋಗಿಬಂದೆವು. ಗಡಿಯಾಚೆಯ ಭಾರತೀಯ ಛಿಟ್ಟುಗಳಲ್ಲಿ 2011ರ ಎಣಿಕೆಯಂತೆ 37,334 ಜನರಿದ್ದರು. ಅವರಲ್ಲಿ ಭಾರತವೇ ಬೇಕೆಂದು ಹೊಲಮನೆ ಬಿಟ್ಟು 2015ರ ನವೆಂಬರಿನಲ್ಲಿ ಬಂದವರು ಒಂಬೈನೂರು ಚಿಲ್ಲರೆ ಮಂದಿ. ಈ ಕಡೆಯ 14,215 ಜನರಲ್ಲಿ ಬಾಂಗ್ಲಾದೇಶಕ್ಕೆ ಹೋಗುತ್ತೇನೆಂದವರು ಒಬ್ಬರೂ ಇರಲಿಲ್ಲ. ಶೆಡ್ಡಿನ ಒಬ್ಬ ತಾಯಿ ತಾನು ನೆಟ್ಟ ಅಡಕೆ ಮರಗಳ ಲೆಕ್ಕ ಹೇಳಿದಳು. ಬಂದದ್ದು ತಪ್ಪಾಯಿತೆಂದು ಹೇಳಲಿಲ್ಲ, ಸರಿಯಾಯಿತೆಂದೂ ಹೇಳಲಿಲ್ಲ.

ಇಲ್ಲಿ ನನ್ನದೊಂದು ಮಾತು ಹೇಳಿಬಿಡಬೇಕು. ಬಹಳ ವರ್ಷಗಳ ಹಿಂದೆ ಕಾಲೇಜಿನಲ್ಲಿ ಪ್ರವೇಶದ ಅರ್ಜಿ ನೋಡುವ ಕೆಲಸ ನನ್ನದಾಗಿತ್ತು. ಒಬ್ಬ ಹುಡುಗನ ಕಾಗದಗಳಲ್ಲಿ ತಂದೆಯ ಹೆಸರು ಒಂದರಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು. ಸೋದರಮಾವನ ಮನೆಯಲ್ಲಿ ಬೆಳೆದವನು, ಶಾಲೆಗೆ ಸೇರಿಸುವಾಗ ಮಾವನೇ ತನ್ನ ಹೆಸರು ಬರೆಸಿದ್ದನಂತೆ. ಸರಿಮಾಡಿಸಿಕೊಂಡು ಬಾ ಎಂದು ಕಳಿಸಿದೆ. ನಿಯಮದಂತೆ ನಾನು ಮಾಡಿದ್ದು ಸರಿ. ಹುಡುಗ ಮತ್ತೆ ಬರಲಿಲ್ಲ. ಅವನನ್ನು ನಾನು ಮರೆತೂ ಬಿಟ್ಟಿದ್ದೆ. ಮಶಾಲಡಾಂಗದ ಜಗಲಿಯ ಮೇಲೆ ನಾಲ್ವತ್ತನೆಯದೋ ಐವತ್ತನೆಯದೋ ಅರ್ಜಿಯನ್ನು ತಿದ್ದುತ್ತಿದ್ದಾಗ ಅವನ ಮುಖ, ಕೈಯಲ್ಲಿ ಹಿಡಿದಿದ್ದ ನೀಲಿ ಕಡತ, ಎಲ್ಲ ಎದುರಿಗೆ ಬಂತು. ವಿದ್ಯಾರ್ಥಿಗಳಿಗೆ ಹೇಳಲಿಲ್ಲ. ಚಹಾ ಕುಡಿಯುವ ನೆಪ ಮಾಡಿ ಎದ್ದುಹೋದೆ.

ಕೊನೆಯ ದಿನ ಇಪ್ಪತ್ತೆರಡು ವರ್ಷದ ಯುವಕನೊಬ್ಬ ಬಂದ. ನಮ್ಮ ತಂಡದ ಹುಡುಗಿ ಅರ್ಧ ಅರ್ಜಿ ಬರೆದಿದ್ದಳು. ತೆಗೆದುಹಾಕಬೇಕಾದ ಹೆಸರು ಯಾವುದೆಂದು ಕೇಳಿದಾಗ ಅವನು ಸುಮ್ಮನಾದ. ಆಮೇಲೆ, ಆ ಹೆಸರಿನವರು ಹಿಂದಿನ ವರ್ಷ ತೀರಿಕೊಂಡರೆಂದೂ, ಅವರ ಹೆಸರನ್ನು ಹೊಡೆದುಹಾಕುವ ಮುಂಚೆ ಅವರ ಹಿರಿಯ ಮಗನನ್ನು ಒಂದು ಮಾತು ಕೇಳಬೇಕೆಂದೂ ಹೇಳಿದ. ಕಾನೂನಿನಂತೆ ಕೇಳಬೇಕಾಗಿಲ್ಲವೆಂದು ನಾನೇ ತಿಳಿಸಿದೆ. ಅದು ತನಗೂ ಗೊತ್ತು ಎಂದ. ಎಲೆ ಅಡಕೆ ಕಟ್ಟಿಕೊಂಡು ಸೈಕಲ್ ಹತ್ತಿ ಆ ಊರಿಗೆ ಹೋದ.

ನಮ್ಮ ಬಸ್ಸು ನಾಲ್ಕು ಗಂಟೆಗೆ. ಹುಡುಗಿ ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡು ಮೂರೂವರೆಯವರೆಗೂ ದಾರಿ ನೋಡಿದಳು. ಕೊನೆಗೆ ಬೇರೆ ಕಾಗದದಲ್ಲಿ ಎಲ್ಲಿ ಏನು ಬರೆಯಬೇಕೆಂದು ದೊಡ್ಡ ಅಕ್ಷರಗಳಲ್ಲಿ ಬರೆದು, ಎರಡನ್ನೂ ಆ ಮುದುಕರ ಕೈಗೆ ಕೊಟ್ಟು, ಬಸ್ಸು ಹತ್ತಿದಳು.