ಇಂಗ್ಲಿಷ್ ಕಲಿಕೆಯಲ್ಲಿ ಸಂಭಾವನಾರ್ಥದ ವಿಕಾಸ: ಒಂದು ಚಾರಿತ್ರಿಕ ಅವಲೋಕನ

ಮಾತಿನಲ್ಲಿ ಒಂದು ಸಂಗತಿಯನ್ನು ತಿಳಿಸುವುದು ಬೇರೆ. ಆ ಸಂಗತಿ ನಿಶ್ಚಿತವೋ ಸಂಭವನೀಯವೋ, ಕಡ್ಡಾಯವೋ ಐಚ್ಛಿಕವೋ ಎಂಬುದನ್ನು ಸೂಚಿಸುವುದು ಬೇರೆ. ಕನ್ನಡ ವ್ಯಾಕರಣಗಳು ಈ ಎರಡನೆಯ ಬಗೆಯನ್ನು ವಿಧ್ಯರ್ಥಕ, ಸಂಭಾವನಾರ್ಥಕ ಮೊದಲಾದ ಕ್ರಿಯಾರೂಪಗಳಲ್ಲಿ ಗುರುತಿಸಿವೆ. ಪಾಶ್ಚಾತ್ಯ ಭಾಷಾವಿಜ್ಞಾನವು ಇದನ್ನು ಮೊಡ್ಯಾಲಿಟಿ ಎಂದು ಕರೆಯುತ್ತದೆ. ಇಂಗ್ಲಿಷನ್ನು ಪರಭಾಷೆಯಾಗಿ ಕಲಿತವರ ಮಾತಿನಲ್ಲಿ ಇದು ಬೆಳೆಯುವ ಬಗೆಯು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಶಾಸ್ತ್ರೀಯ ಅಧ್ಯಯನದ ವಸ್ತುವಾಯಿತು.

ಇಂಗ್ಲಿಷಿನಲ್ಲಿ ಈ ಕಾರ್ಯವನ್ನು ಹೆಚ್ಚಾಗಿ ಕ್ಯಾನ್, ಮೇ, ಮಸ್ಟ್, ಶಲ್ ಮುಂತಾದ ಸಹಾಯಕ ಕ್ರಿಯಾಪದಗಳು ನಿರ್ವಹಿಸುತ್ತವೆ. ಪ್ರಾಚೀನ ಇಂಗ್ಲಿಷಿನಲ್ಲಿ ಕ್ಯಾನ್ ಎಂಬುದರ ಪೂರ್ವರೂಪಕ್ಕೆ ‘ತಿಳಿದಿರು’ ಎಂಬ ಅರ್ಥವಿತ್ತು. ಶಲ್ ಎಂಬುದರ ಪೂರ್ವರೂಪವು ‘ಋಣಿಯಾಗಿರು’ ಎಂಬುದನ್ನು ಸೂಚಿಸುತ್ತಿತ್ತು. ಕನ್ನಡದ ‘ಬಲ್ಲ’ ಎಂಬ ಪದವು ತಿಳಿವು, ಸಾಮರ್ಥ್ಯ ಎರಡನ್ನೂ ಸೂಚಿಸುವುದು ಇಲ್ಲಿ ಗಮನಾರ್ಹ. ಎಫ್.ಆರ್. ಪಾಮರ್ ಅವರು 1979 ಮತ್ತು 1986ರ ಗ್ರಂಥಗಳಲ್ಲಿ ಇಂತಹ ಪದಗಳ ಅರ್ಥವ್ಯಾಪ್ತಿಯನ್ನು ವಿವೇಚಿಸಿದರು. ಆದರೆ ಪಾಠಪುಸ್ತಕಗಳು ಸಹಾಯಕ ಕ್ರಿಯಾಪದಗಳಿಗೆ ಅತಿಯಾದ ಪ್ರಾಧಾನ್ಯ ನೀಡಿ, ಸಂದೇಹವನ್ನು ಸೂಚಿಸುವ ಇತರ ಪದಗಳನ್ನು ಕಡೆಗಣಿಸಿವೆ ಎಂದು 1988ರಲ್ಲಿ ಜ್ಯಾನೆಟ್ ಹೋಮ್ಸ್ ತೋರಿಸಿದರು.

ಈ ಆಕ್ಷೇಪಕ್ಕೆ ಕಲಿಯುವವರ ಮಾತಿನಿಂದಲೇ ಆಧಾರ ದೊರೆಯಿತು. 1980ರ ದಶಕದ ಯುರೋಪಿಯನ್ ಸೈನ್ಸ್ ಫೌಂಡೇಶನ್ ಯೋಜನೆಯು ಐದು ಭಾಷೆಗಳನ್ನು ಕಲಿಯುತ್ತಿದ್ದ ವಯಸ್ಕ ವಲಸಿಗರ ಮಾತನ್ನು ದಾಖಲಿಸಿತು. ಇಂಗ್ಲಿಷ್ ಕಲಿತವರಲ್ಲಿ ಪಂಜಾಬಿ ಭಾಷಿಕರೂ ಇದ್ದರು. ಕ್ರಿಯಾಪದದ ರೂಪಭೇದಗಳಿಲ್ಲದ ಸರಳ ಭಾಷೆಯಲ್ಲಿಯೇ ಹಲವರು ನಿಂತುದನ್ನು ಕ್ಲೈನ್ ಮತ್ತು ಪರ್ಡ್ಯೂ 1997ರಲ್ಲಿ ವಿವರಿಸಿದರು. ಸಾಲ್ಸ್‌ಬರಿ ಮತ್ತು ಬಾರ್ಡೋವಿ-ಹಾರ್ಲಿಗ್ ಅವರು 2000ದಲ್ಲಿ ಪ್ರಕಟಿಸಿದ ಅಧ್ಯಯನವು ಭಿನ್ನಾಭಿಪ್ರಾಯದ ಸಂಭಾಷಣೆಗಳನ್ನು ಪರಿಶೀಲಿಸಿತು. ಅಲ್ಲಿ ‘ಮೇಬೀ’, ‘ಐ ಥಿಂಕ್’ ಎಂಬ ನುಡಿಗಳು ಮೊದಲು ಬಂದು, ಸಹಾಯಕ ಕ್ರಿಯಾಪದಗಳು ಅನಂತರ ಕಾಣಿಸಿಕೊಂಡವು. ಪ್ರೌಢ ಕಲಿಕೆಯ ಹಂತದ ತೌಲನಿಕ ಅಧ್ಯಯನಕ್ಕೆ, ಹನ್ನೊಂದು ಮಾತೃಭಾಷೆಗಳವರ ಸಂದರ್ಶನಗಳನ್ನೊಳಗೊಂಡು 2010ರಲ್ಲಿ ಪ್ರಕಟವಾದ ಲೂವೆನ್ ವಿಶ್ವವಿದ್ಯಾಲಯದ ಭಾಷಾಸಂಗ್ರಹವು ಆಕರವಾಯಿತು.

ಈ ಪ್ರಶ್ನೆ ಕನ್ನಡಿಗರಿಗೂ ಸಂಬಂಧಿಸಿದೆ. ಜನಪದ ಕಥೆಗಾರನು ‘ಒಬ್ಬ ರಾಜ ಇದ್ದನಂತೆ’ ಎನ್ನುವಾಗ, ತಾನು ಕಂಡುದಲ್ಲ, ಕೇಳಿದುದು ಎಂಬುದನ್ನು ‘ಅಂತೆ’ ಎಂಬೊಂದು ರೂಪದಿಂದಲೇ ಸ್ಪಷ್ಟಪಡಿಸುತ್ತಾನೆ. ‘ಬಂದಾನು’ ಎಂಬಲ್ಲಿ ಸಂಭವವು ಕ್ರಿಯಾಪದದಲ್ಲಿಯೇ ಅಡಕವಾಗಿದೆ. ಇಂಗ್ಲಿಷಿನಲ್ಲಿ ಕೇಳಿದುದನ್ನು ಸೂಚಿಸಲು ಇಂತಹ ಕ್ರಿಯಾರೂಪವಿಲ್ಲ. ಪ್ರತ್ಯೇಕ ಪದಪುಂಜವನ್ನೇ ಬಳಸಬೇಕು. ಅದು ತಪ್ಪಿದರೆ ಕೇಳಿದ ಮಾತು ಕಂಡ ಮಾತಾಗುತ್ತದೆ, ಊಹೆಯು ನಿರ್ಣಯವಾಗುತ್ತದೆ. ಸಾಕ್ಷಿ ನುಡಿಯುವಲ್ಲಿ, ಸಂಶೋಧನೆಯನ್ನು ಮಂಡಿಸುವಲ್ಲಿ ಇದು ಕೇವಲ ವ್ಯಾಕರಣದೋಷವಲ್ಲ. ಹೇಳಿದವನ ಪ್ರಾಮಾಣಿಕತೆಯೇ ಪ್ರಶ್ನೆಗೊಳಗಾಗುತ್ತದೆ. ಆದುದರಿಂದ ಸಂಭಾವನಾರ್ಥದ ಬೋಧನೆಯು ಸಹಾಯಕ ಕ್ರಿಯಾಪದಗಳ ಪಟ್ಟಿಗೆ ಸೀಮಿತವಾಗದೆ, ಒಪ್ಪಿಗೆ, ಆಕ್ಷೇಪ, ಅನುಮಾನಗಳು ಸಹಜವಾಗಿ ಮೂಡುವ ಸಂಭಾಷಣೆಯನ್ನು ಆಧರಿಸಬೇಕಾಗಿದೆ.