ಬಿಲ್ಲೆಯಾಕಾರದ ಅಣುಗಳ ಸ್ವಯಂಜೋಡಣೆ: ಬೆಂಗಳೂರಿನ 1977ರ ಶೋಧ

ಅಣುಗಳು ತಮ್ಮ ಆಕಾರದಿಂದಲೂ ತಮ್ಮ ನಡುವಿನ ದುರ್ಬಲ ಸೆಳೆತಗಳಿಂದಲೂ ತಾವಾಗಿಯೇ ಕೂಡಿಕೊಂಡು ಕ್ರಮಬದ್ಧ ರಚನೆಯಾಗುವುದಕ್ಕೆ ರಸಾಯನಶಾಸ್ತ್ರದಲ್ಲಿ ಸ್ವಯಂಜೋಡಣೆ ಎಂದು ಹೆಸರು. ಕೋಲಾರ ಜಿಲ್ಲೆಯ ಮಾಲೂರು ಸೀಮೆಯ ಇಟ್ಟಿಗೆ ಗೂಡುಗಳಲ್ಲಿ ಹಸಿ ಇಟ್ಟಿಗೆಯನ್ನು ಕೂಲಿಯಾಳುಗಳು ಸಾಲುಸಾಲಾಗಿ ಪೇರಿಸುತ್ತಾರೆ. ಸ್ವಯಂಜೋಡಣೆಯಲ್ಲಿ ಹಾಗೆ ಪೇರಿಸುವ ಕೈ ಇರುವುದಿಲ್ಲ. ಈ ಕ್ಷೇತ್ರದ ಚರಿತ್ರೆಯನ್ನು ಲೆನ್, ಕ್ರ್ಯಾಮ್ ಮತ್ತು ಪೆಡರ್ಸನ್ ಅವರಿಗೆ 1987ರಲ್ಲಿ ಸಂದ ನೊಬೆಲ್ ಪ್ರಶಸ್ತಿಯಿಂದ ಹೇಳತೊಡಗುವುದುಂಟು. ಅದಕ್ಕೂ ಹತ್ತು ವರ್ಷ ಮೊದಲು ಬೆಂಗಳೂರಿನಲ್ಲಿ ನಡೆದ ಒಂದು ಶೋಧಕ್ಕೆ ಅದೇ ಚರಿತ್ರೆಯಲ್ಲಿ ದೊಡ್ಡ ಸ್ಥಾನ ಸಲ್ಲಬೇಕು.

ಶೋಧದ ಹಿನ್ನೆಲೆಯಲ್ಲಿರುವುದು ದ್ರವಸ್ಫಟಿಕ, ಅಂದರೆ ದ್ರವದಂತೆ ಹರಿಯುತ್ತಲೇ ಹರಳಿನ ಕ್ರಮವನ್ನು ಭಾಗಶಃ ಉಳಿಸಿಕೊಳ್ಳುವ ವಸ್ತು. 1888ರಲ್ಲಿ ಆಸ್ಟ್ರಿಯದ ಸಸ್ಯವಿಜ್ಞಾನಿ ರೈನಿಟ್ಸರ್ ಅವರು ಕೊಲೆಸ್ಟರಿಲ್ ಬೆಂಜೊಯೇಟನ್ನು ಕಾಯಿಸಿದಾಗ ಅದು 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಬ್ಬು ದ್ರವವಾಗಿ, 178.5 ಡಿಗ್ರಿಯಲ್ಲಿ ತಿಳಿಯಾಯಿತು. ಆ ಬಳಿಕ ಸುಮಾರು 90 ವರ್ಷ ಇಂಥ ಗುಣ ಕಡ್ಡಿಯಂತೆ ಉದ್ದವಾದ ಅಣುಗಳದ್ದೆಂದೇ ನಂಬಿಕೆ ಬೆಳೆದಿತ್ತು.

ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಎಸ್. ಚಂದ್ರಶೇಖರ್ 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಸ್ಫಟಿಕ ಪ್ರಯೋಗಾಲಯವನ್ನು ಕಟ್ಟಿದರು. ಅವರೂ ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರೂ ಆರಿಸಿಕೊಂಡದ್ದು ಬೆಂಜೀನ್ ಹೆಕ್ಸಾ-ಆಲ್ಕನೊಯೇಟ್‌ಗಳೆಂಬ ಸಂಯುಕ್ತಗಳನ್ನು. ಇವುಗಳ ಅಣುವಿನ ನಡುವೆ ಆರು ಇಂಗಾಲಗಳ ಚಪ್ಪಟೆ ಉಂಗುರವಿದ್ದು, ಅದರ ಆರೂ ಮೂಲೆಗಳಿಂದ ಬಾಗಬಲ್ಲ ಸರಪಳಿಗಳು ಹೊರಚಾಚಿರುವುದರಿಂದ ಇಡೀ ಅಣು ಒಂದು ಬಿಲ್ಲೆಯಂತೆ ತೋರುತ್ತದೆ. ಕಾಯಿಸಿದಾಗ ಕೆಲವೇ ಡಿಗ್ರಿಗಳ ಕಿರಿದಾದ ಉಷ್ಣತೆಯ ವ್ಯಾಪ್ತಿಯಲ್ಲಿ ಹೊಸದೊಂದು ಸ್ಥಿತಿ ಕಾಣಿಸಿಕೊಂಡಿತು. ಬಿಲ್ಲೆಗಳು ಒಂದರ ಮೇಲೊಂದು ಕುಳಿತು ಕಂಬಗಳಾಗಿವೆ, ಆ ಕಂಬಗಳು ಜೇನುಹುಟ್ಟಿನ ಕೋಣೆಗಳಂತೆ ಷಟ್ಕೋನ ಕ್ರಮದಲ್ಲಿ ನಿಂತಿವೆ, ಆದರೆ ಒಂದೇ ಕಂಬದೊಳಗೆ ಬಿಲ್ಲೆಗಳ ನಡುವಿನ ಅಂತರ ಮಾತ್ರ ಸಮನಾಗಿಲ್ಲ ಎಂಬುದನ್ನು ಕ್ಷ-ಕಿರಣ, ಬೆಳಕು ಮತ್ತು ಉಷ್ಣದ ಅಳತೆಗಳು ಸೂಚಿಸಿದವು. ಎರಡು ದಿಕ್ಕುಗಳಲ್ಲಿ ಹರಳು, ಮೂರನೆಯ ದಿಕ್ಕಿನಲ್ಲಿ ದ್ರವ: ಈ ಶೋಧದ ಸೊಗಸೆಲ್ಲ ಇಲ್ಲಿದೆ. ಗಡಸು ನಡುಭಾಗಗಳು ಒಂದನ್ನೊಂದು ಹತ್ತಿರಕ್ಕೆ ಸೆಳೆಯುತ್ತವೆ, ಕರಗಿದಂತಿರುವ ಸರಪಳಿಗಳು ಕಂಬಗಳ ನಡುವಣ ಜಾಗವನ್ನು ತುಂಬುತ್ತವೆ. ರಚನೆ ನಿಲ್ಲುವುದು ಈ ಎರಡರ ಹೊಂದಾಣಿಕೆಯಿಂದ.

ಮುಂದೆ ಫ್ರಾನ್ಸಿನ ಸಂಶೋಧಕರು ಟ್ರೈಫಿನಿಲೀನ್ ಎಂಬ ಇನ್ನೂ ಅಗಲವಾದ ನಡುಭಾಗವುಳ್ಳ ಅಣುಗಳಲ್ಲಿ ಇಂಥದೇ ಕಂಬಗಳನ್ನು ಕಂಡರು. ಕಂಬದ ಉದ್ದಕ್ಕೆ ವಿದ್ಯುದಾವೇಶ ಸುಲಭವಾಗಿ ಸಾಗುವುದರಿಂದ ಈ ವಸ್ತುಗಳು ಸಾವಯವ ಅರೆವಾಹಕಗಳಾಗಿ ಗಮನ ಸೆಳೆದವು. ದ್ರವಸ್ಫಟಿಕ ಪರದೆಯನ್ನು ಓರೆಯಿಂದ ನೋಡಿದರೂ ಚಿತ್ರ ಮಸುಕಾಗದಂತೆ ಮಾಡುವ ತೆಳುಪದರದಲ್ಲಿ ಜಪಾನಿನ ಫ್ಯೂಜಿ ಕಂಪನಿ ಬಿಲ್ಲೆಯಾಕಾರದ ಅಣುಗಳನ್ನೇ ಬಳಸಿತು. 2004ರಲ್ಲಿ ರಾಮನ್ ಸಂಸ್ಥೆಯ ಸಂದೀಪ್ ಕುಮಾರ್ ಮತ್ತು ವಿ. ಲಕ್ಷ್ಮೀನಾರಾಯಣನ್ ಅವರು ಇಂಥ ದ್ರವಸ್ಫಟಿಕದೊಳಗೆ ಚಿನ್ನದ ನ್ಯಾನೊಕಣಗಳನ್ನು ಸೇರಿಸಿದ ಬಗೆಯನ್ನು ವರದಿ ಮಾಡಿದಾಗ, ಅಣುಗಳ ಜೋಡಣೆ ನ್ಯಾನೊವಸ್ತುಗಳ ಜೋಡಣೆಗೂ ನೆಲೆಯಾಯಿತು. ಚಂದ್ರಶೇಖರ್ 1991ರಲ್ಲಿ ಜಾಲಹಳ್ಳಿಯಲ್ಲಿ ಆರಂಭಿಸಿದ ದ್ರವಸ್ಫಟಿಕ ಸಂಶೋಧನಾ ಕೇಂದ್ರವೇ ಇಂದಿನ ನ್ಯಾನೊ ಮತ್ತು ಮೃದುವಸ್ತು ವಿಜ್ಞಾನ ಕೇಂದ್ರ.

ಬಿಲ್ಲೆಯಾಕಾರದ ಅಣುಗಳನ್ನು ಕುರಿತ ಆ ಮೊದಲ ಲೇಖನ ಅಚ್ಚಾದದ್ದು ವಿದೇಶದಲ್ಲಲ್ಲ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ‘ಪ್ರಮಾಣ’ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ. ಹತ್ತೇ ಪುಟಗಳ ಆ ಲೇಖನದ ಪರಿಚಯ ನಮ್ಮ ಪದವಿ ತರಗತಿಗಳ ರಸಾಯನಶಾಸ್ತ್ರದ ಪಠ್ಯದಲ್ಲಿ ಸೇರಬೇಕು.